ಯಾರೂ ಹಿಡಿಯಬೇಡಿ

ಹುಡುಗನಿಗೆ ಕಡ್ಡಿ ಎಂದು ಹೆಸರಿಟ್ಟವರು ಅವನ ಅಪ್ಪನ ಶೆಡ್ಡಿನ ಕೆಲಸಗಾರರು. ಅಪ್ಪನದು ಟಿಂಕರಿಂಗ್ ಕೆಲಸ. ಗುದ್ದಿಸಿಕೊಂಡು ಬಂದ ಕಾರುಗಳ ಬಾಗಿಲು, ಬಾನೆಟ್ಟುಗಳನ್ನು ಒಳಗಿನಿಂದ ಬಡಿದು ಮೊದಲಿನ ಆಕಾರಕ್ಕೆ ತರುವುದು ಅವನ ಕಸುಬು. ತಗಡು ಎಷ್ಟೇ ಹಟ ಹಿಡಿಯಲಿ, ಎಲ್ಲಿ ಹೊಡೆದರೆ ಮಣಿಯುತ್ತದೆ ಎಂಬುದು ಅವನ ಕೈಗೆ ಗೊತ್ತಿತ್ತು. ಮನೆಯಲ್ಲಿದ್ದ ಒಬ್ಬನೇ ಮಗ ಮಾತ್ರ, ಹದಿನಾಲ್ಕು ತುಂಬಿದರೂ ಹತ್ತರ ಹುಡುಗನಂತೆ ಕಾಣುತ್ತಿದ್ದವನು, ಯಾವ ಏಟಿಗೂ ಮಣಿಯಲಿಲ್ಲ.

ಕಡ್ಡಿ ತಿನ್ನುತ್ತಿದ್ದದ್ದು ಅಂಚು ಕತ್ತರಿಸಿದ ಬಿಳಿ ಬ್ರೆಡ್ಡು, ಏನೂ ಬೆರೆಸದ ಅನ್ನ, ಹಾಲು, ಒಂದೇ ಕಂಪನಿಯ ಬಿಸ್ಕತ್ತು. ಅಷ್ಟೇ. ಮಿಕ್ಕಿದ್ದು ಅವನ ಪಾಲಿಗೆ ಆಹಾರವೇ ಆಗಿರಲಿಲ್ಲ. ಟೊಮೆಟೊದ ಲೋಳೆ, ಬೀನ್ಸಿನ ನಾರು, ಮೊಟ್ಟೆಯ ವಾಸನೆ ಹತ್ತಿರ ಬಂದರೆ ಗಂಟಲು ತಾನಾಗಿಯೇ ಬಿಗಿದುಕೊಳ್ಳುತ್ತಿತ್ತು, ಬೆನ್ನಿನಲ್ಲಿ ಬೆವರು ಒಡೆಯುತ್ತಿತ್ತು. ಮೊದಲ ಸಲ ಗಂಜಿ ತಿನ್ನಿಸಿದ ದಿನದಿಂದಲೂ ಹಾಗೆಯೇ ಎಂದು ಅಮ್ಮ ಹೇಳುತ್ತಿದ್ದಳು. ಅಕ್ಕಪಕ್ಕದವರು ಮುದ್ದು ಹೆಚ್ಚಾಯಿತು ಅಂದರು. ಬೀದಿಯ ಕೊನೆಯಲ್ಲಿದ್ದ ಡಾಕ್ಟರು ಬೆಳೆದ ಹಾಗೆ ಸರಿಹೋಗುತ್ತದೆ ಅಂದರು. ಅಪ್ಪ ಬೆಲ್ಟ್ ಬಿಚ್ಚುತ್ತಿದ್ದ. ಬೆಲ್ಟಿನ ಏಟು ತಿಂದು ಹುಡುಗ ಅಳುತ್ತಿದ್ದ, ಆದರೆ ಬಾಯಿ ತೆರೆಯುತ್ತಿರಲಿಲ್ಲ. ಏಟು ಮುಗಿಯುತ್ತದೆ, ತುತ್ತು ಮುಗಿಯುವುದಿಲ್ಲ ಎಂಬುದು ಅವನ ಲೆಕ್ಕ.

ಹೀಗೇ ಹೇಗೋ ನಡೆಯುತ್ತಿದ್ದದ್ದು ಆ ವರ್ಷ ಕೆಟ್ಟಿತು. ಶಾಲೆಯಲ್ಲಿ ಬ್ರೆಡ್ಡು ಅಗಿಯುತ್ತಿದ್ದಾಗ ಯಾರೋ ಹಿಂದಿನಿಂದ ಬೆನ್ನಿಗೆ ಗುದ್ದಿ ಓಡಿದರು. ತುಂಡು ಗಂಟಲಲ್ಲಿ ಸಿಕ್ಕಿಕೊಂಡಿತು. ಮಾಸ್ತರರು ಬೆನ್ನು ತಟ್ಟಿ ಹೊರಬರಿಸಿದರು. ಎಲ್ಲರೂ ಅದನ್ನು ಅಲ್ಲಿಗೇ ಮರೆತರು, ಅವನ ಗಂಟಲು ಮರೆಯಲಿಲ್ಲ. ಅಂದಿನಿಂದ ಬ್ರೆಡ್ಡು ಬಂದ್ ಆಯಿತು, ಆಮೇಲೆ ಅನ್ನವೂ. ಉಳಿದದ್ದು ಹಾಲು, ಹಾಲಲ್ಲಿ ನೆನೆಸಿ ಹಿಟ್ಟು ಮಾಡಿದ ಬಿಸ್ಕತ್ತು. ಚಡ್ಡಿ ಸೊಂಟದಲ್ಲಿ ನಿಲ್ಲದಾಯಿತು. ದಿಂಬಿನ ಮೇಲೆ ಕೂದಲು ಉದುರತೊಡಗಿತು. ಒಂದು ಶನಿವಾರ ಡ್ರಿಲ್ ಪೀರಿಯಡ್ಡಿನಲ್ಲಿ ಮೈದಾನದಲ್ಲೇ ಬಿದ್ದವನನ್ನು ಎತ್ತಿಕೊಂಡು ಬಂದು ಮನೆಗೆ ಬಿಟ್ಟರು.

ಮರುದಿನ ಮಧ್ಯಾಹ್ನ ಅಮ್ಮನ ಅಣ್ಣ ಊಟಕ್ಕೆ ಬಂದಿದ್ದ. ಬಸ್ ಡ್ರೈವರ್, ಬಾಗಿಲು ತುಂಬುವಂಥ ಆಳು, ಮಾತಿಗೊಂದು ತಮಾಷೆ. ಸೋದರಳಿಯನನ್ನು ಅವನು 'ಅಳಿಯಂದ್ರೇ' ಎಂದೇ ಕರೆಯುತ್ತಿದ್ದ. ಮನೆಗೆ ಬರುವವರಲ್ಲಿ ಕಡ್ಡಿಗೆ ಹಿಡಿಸುತ್ತಿದ್ದವನೂ ಅವನೊಬ್ಬನೇ.

ಅಪ್ಪ ಬೆಳಗಿನಿಂದ ಗಂಟುಮೋರೆ ಹಾಕಿಕೊಂಡಿದ್ದ. ರಾತ್ರಿಯೆಲ್ಲ ಅವನಿಗೆ ನಿದ್ದೆ ಬಂದಿರಲಿಲ್ಲ. ಮಗ ಸಾಯುತ್ತಾನೆ ಎಂಬ ಭಯ ಅವನ ಎದೆಯಲ್ಲಿ ಕೂತಿತ್ತು. ಅವನಿಗೆ ಭಯ ಬಂದರೆ ಅದು ಸಿಟ್ಟಾಗಿಯೇ ಹೊರಗೆ ಬರುತ್ತಿತ್ತು. ಬೇಯಿಸಿದ ಮೊಟ್ಟೆಯೊಂದನ್ನು ಸುಲಿದು ತಟ್ಟೆಗೆ ಹಾಕಿ ಮೇಜಿನ ಮೇಲಿಟ್ಟ.

"ಇವತ್ತು ಇದು ಒಳಗೆ ಹೋಗ್ಬೇಕು. ಒಂದು ಸಲ ಹೋದ್ರೆ ಭಯ ಬಿಟ್ಟುಹೋಗುತ್ತೆ. ಭಾವ, ನೀವು ಸ್ವಲ್ಪ ಇವನ ಕೈ ಹಿಡ್ಕೊಳ್ಳಿ."

ಮಾವ ನಕ್ಕ. ಒಂದು ಮೊಟ್ಟೆಗೆ ಇಷ್ಟು ಜನವೇ ಅಂದ. ಅವನಿಗೆ ಅದು ಆಟದಂತೆಯೇ ಕಂಡಿರಬೇಕು. ಕಡ್ಡಿ ಕುರ್ಚಿ ಬೀಳಿಸಿ ಮೇಜಿನಡಿಗೆ ನುಗ್ಗಿದ. ಅಪ್ಪ ಕಾಲು ಹಿಡಿದು ಎಳೆದ. ಹುಡುಗನ ಹಣೆ ಮೇಜಿನ ಕಾಲಿಗೆ ಬಡಿದು ರಕ್ತ ಚಿಮ್ಮಿತು. ಅಷ್ಟರಲ್ಲೇ ಮಾವ ಹಿಂದೆ ಸರಿಯಬೇಕಿತ್ತು, ಸರಿಯಲಿಲ್ಲ. ಹಿಂದಿನಿಂದ ಎರಡೂ ತೋಳುಗಳನ್ನು ಕಟ್ಟಿದಂತೆ ಹಿಡಿದುಕೊಂಡ. ಅಪ್ಪ ದವಡೆಯ ಎರಡು ಕೀಲುಗಳನ್ನು ಒಂದೇ ಕೈಯಲ್ಲಿ ಒತ್ತಿದ, ಮೂಗು ಮುಚ್ಚಿದ, ಉಸಿರಿಗಾಗಿ ಬಾಯಿ ತೆರೆದದ್ದೇ ಅರ್ಧ ಮೊಟ್ಟೆ ತುರುಕಿದ.

ಕಡ್ಡಿ ಕಚ್ಚಿದ. ಮೊಟ್ಟೆಯನ್ನಲ್ಲ, ಅಪ್ಪನ ತೋರುಬೆರಳನ್ನು. ಮೂಳೆ ಸಿಗುವವರೆಗೂ ಹಲ್ಲು ಇಳಿಯಿತು. ಅಪ್ಪ ಅರಚಿಕೊಂಡು ಇನ್ನೊಂದು ಕೈಯಿಂದ ಮುಖಕ್ಕೆ ಗುದ್ದಿದ. ಮುಂದಿನ ಹಲ್ಲೊಂದು ಮುರಿದು ನೆಲಕ್ಕೆ ಬಿತ್ತು. ಬೆರಳು ಹೊರಬಂತು, ಮೊಟ್ಟೆ ಒಳಗೆ ಜಾರಿ ಅಡ್ಡ ಕೂತಿತು. ಆಮೇಲೆ ಹುಡುಗನಿಂದ ಸದ್ದೇ ಇಲ್ಲ. ಕಣ್ಣುಗುಡ್ಡೆಗಳು ಹೊರಗೆ ಉಬ್ಬಿದವು, ತುಟಿ ನೀಲಿಯಾಯಿತು.

ಅಡುಗೆಮನೆಯಿಂದ ಓಡಿ ಬಂದ ಅಮ್ಮನ ಕೈಯಲ್ಲಿ ಲಟ್ಟಣಿಗೆ ಇತ್ತು. ಹದಿನಾರು ವರ್ಷದ ಸಂಸಾರದಲ್ಲಿ ಗಂಡನಿಗೆ ಎದುರು ಮಾತಾಡದವಳು ಅವನ ಕಿವಿಯ ಮೇಲೆ ಬೀಸಿ ಹೊಡೆದಳು, ಬಿದ್ದ ಮೇಲೂ ಹೊಡೆದಳು, ಅಣ್ಣನಿಗೂ ಒಂದು ಬಿಟ್ಟಳು. ಆ ಏಟಿಗೆ ಮಾವನಿಗೆ ಎಚ್ಚರ ಬಂದಂತಾಯಿತು. ಅಳಿಯನನ್ನು ಸೊಂಟ ಹಿಡಿದು ತಲೆಕೆಳಗು ಮಾಡಿ ಬೆನ್ನಿಗೆ ಬಡಿದ, ಮತ್ತೆ ಬಡಿದ. ರಕ್ತದ ಜೊತೆಗೆ ಮೊಟ್ಟೆಯ ಚೂರು ನೆಲಕ್ಕೆ ಬಿತ್ತು. ಹುಡುಗ ಉಸಿರೆಳೆದುಕೊಂಡ ಸದ್ದು ಹರಿದ ಬಟ್ಟೆಯ ಸದ್ದಿನಂತಿತ್ತು. ಚಡ್ಡಿ ಒದ್ದೆಯಾಗಿತ್ತು.

ಆಸ್ಪತ್ರೆಯಲ್ಲಿ ಅಪ್ಪನ ಬೆರಳಿಗೆ ಹೊಲಿಗೆ ಹಾಕುತ್ತಿದ್ದ ಡಾಕ್ಟರು ನಾಯಿ ಕಚ್ಚಿದ್ದೇ ಎಂದು ಕೇಳಿದರು. ಅಲ್ಲ, ಮಗ ಕಚ್ಚಿದ್ದು ಅಂದ ಅಪ್ಪ. ಡಾಕ್ಟರು ಸೂಜಿ ಕೆಳಗಿಟ್ಟು ಅವನ ಮುಖ ನೋಡಿದರು, ನಡೆದದ್ದನ್ನೆಲ್ಲ ಬಾಯಿಬಿಡಿಸಿದರು. ಇನ್ನೊಮ್ಮೆ ಹೀಗಾದರೆ ತಾವೇ ಪೊಲೀಸರಿಗೆ ಫೋನ್ ಮಾಡುವುದಾಗಿ ಹೇಳಿ ಉಳಿದ ಹೊಲಿಗೆ ಹಾಕಿದರು.

ಮಗನನ್ನು ಮಕ್ಕಳ ವಾರ್ಡಿಗೆ ಸೇರಿಸಿದ್ದರು. ರಕ್ತದಲ್ಲಿ ಲವಣಾಂಶ ಕುಸಿದು ಹೃದಯದ ಬಡಿತ ನಿಧಾನವಾಗಿತ್ತು. ಮರುದಿನದ ಹೊತ್ತಿಗೆ ಹಾಲನ್ನೂ ಒಲ್ಲೆ ಅನ್ನುತ್ತಿದ್ದ. ಕಾಯಲು ಸಮಯವಿಲ್ಲ, ಮೂಗಿನಿಂದ ಹೊಟ್ಟೆಗೆ ನಳಿಕೆ ಹಾಕಲೇಬೇಕು ಎಂದರು. ಅಪ್ಪ ಕಾಗದಕ್ಕೆ ಸಹಿ ಹಾಕಿದ. ಆದರೆ ಪರದೆಯ ಸಂದಿಯಿಂದ ಅವನು ನೋಡಬಾರದಿತ್ತು. ಒಬ್ಬರು ತಲೆ ಹಿಡಿದಿದ್ದರು, ಇಬ್ಬರು ಕೈ ಹಿಡಿದಿದ್ದರು, ಒಬ್ಬರು ಕಾಲು. ಮಗ ಮೈ ಬಿಲ್ಲಿನಂತೆ ಬಗ್ಗಿಸಿ ಕಿರುಚುತ್ತಿದ್ದ. ನಿನ್ನೆ ತನ್ನ ಕೈಯೊಳಗಿದ್ದಾಗ ಕಾಣದಿದ್ದದ್ದು ಈಗ ದೂರದಿಂದ ಪೂರ್ತಿಯಾಗಿ ಕಂಡಿತು. ಅವನು ಪರದೆ ಹರಿದು ಒಳನುಗ್ಗಿ, ತಲೆ ಹಿಡಿದಿದ್ದ ನರ್ಸಿನ ಬಾಯಿಗೆ ಗುದ್ದಿದ. ಆ ಗಂಡಸು ನರ್ಸು ಟ್ರೇಯ ಸಮೇತ ಗೋಡೆಗೆ ಹೋಗಿ ಬಿದ್ದ. ಇಬ್ಬರು ಕಾವಲುಗಾರರು ಬಂದು ಅಪ್ಪನ ಕೈ ತಿರುಚಿ, ಕಾರಿಡಾರಿನ ಉದ್ದಕ್ಕೂ ಎಳೆದು ಹೊರಗೆ ಹಾಕಿದರು. ಹೊಲಿಗೆ ಬಿಚ್ಚಿಕೊಂಡು ಬೆರಳಿನ ರಕ್ತ ಮೆಟ್ಟಿಲಿನ ಮೇಲೆಲ್ಲ ಸೋರಿತು.

ಅವನನ್ನು ವಾರ್ಡಿನ ಒಳಗೆ ಬಿಡಕೂಡದೆಂದು ಆಜ್ಞೆಯಾಯಿತು. ದಿನವೂ ಶೆಡ್ಡು ಮುಚ್ಚಿ ಬಂದು ಆಸ್ಪತ್ರೆಯ ಸ್ಕೂಟರ್ ನಿಲ್ಲಿಸುವ ಜಾಗದ ಕಟ್ಟೆಯ ಮೇಲೆ ಕೂರುತ್ತಿದ್ದ. ಅಲ್ಲಿಗೇ ಬಂದು ಅವನ ಪಕ್ಕ ಕೂತವಳು ಒಬ್ಬ ಹೆಂಗಸು. ವಾರ್ಡಿನ ಮಕ್ಕಳು ಅವಳನ್ನು ಊಟದ ಟೀಚರ್ ಎನ್ನುತ್ತಿದ್ದರು. ತಿನ್ನಲಾರದ ಮಕ್ಕಳಿಗೆ ತಿನ್ನುವುದನ್ನು ಮತ್ತೆ ಕಲಿಸುವುದು ಅವಳ ಕೆಲಸ. ಹುಬ್ಬಿನ ಮೇಲೆ ಒಂದು ಗಾಯದ ಗೆರೆ ಇತ್ತು. ಹಿಂದೊಮ್ಮೆ ಒಬ್ಬ ಹುಡುಗಿ ಎಸೆದ ತಟ್ಟೆ ಅಲ್ಲಿ ತಾಗಿತ್ತು.

ಅವಳು ಬೈಯಲಿಲ್ಲ. ಇದು ಹಟವಲ್ಲ, ಸಣ್ಣಗಾಗುವ ಶೋಕಿಯೂ ಅಲ್ಲ ಎಂದು ಬಿಡಿಸಿ ಹೇಳಿದಳು. ಕೆಲವು ಮಕ್ಕಳ ನಾಲಿಗೆ ಮೂಗುಗಳಿಗೆ ರುಚಿ, ವಾಸನೆ, ಮೆತ್ತಗಿರುವುದು, ನಾರಾಗಿರುವುದು ಎಲ್ಲವೂ ಹತ್ತು ಪಟ್ಟು ಜೋರಾಗಿ ಬಡಿಯುತ್ತವೆ. ಅದರ ಮೇಲೆ ಒಮ್ಮೆ ಉಸಿರು ಕಟ್ಟಿದರೆ ಮೈಯೇ ಬಾಗಿಲು ಹಾಕಿಕೊಳ್ಳುತ್ತದೆ. ಇದೊಂದು ಕಾಯಿಲೆ, ಇಂಥ ಮಕ್ಕಳು ಬಹಳ ಇದ್ದಾರೆ, ವಾಸಿಯಾಗುತ್ತಾರೆ, ಆದರೆ ನಿಧಾನ.

"ಹಸಿದ್ರೆ ತಾನೇ ತಿಂತಾನೆ ಅಂತ ಎಲ್ರೂ ಹೇಳ್ತಾರಲ್ಲ ಮೇಡಂ," ಅಂದ ಅಪ್ಪ.

"ಮನೆಗೆ ಬೆಂಕಿ ಬಿದ್ದಾಗ ನಿಮಗೆ ಹಸಿವಾಗುತ್ತಾ? ತಟ್ಟೆ ಮುಂದೆ ಕೂತಾಗೆಲ್ಲ ಅವನಿಗೆ ಮನೆಗೆ ಬೆಂಕಿ ಬಿದ್ದಿರುತ್ತೆ."

ಹಾಗಾದರೆ ನೀವೂ ಹಿಡಿದುಕೊಂಡು ನಳಿಕೆ ಹಾಕಿದಿರಲ್ಲ, ನನಗೂ ನಿಮಗೂ ಏನು ವ್ಯತ್ಯಾಸ ಎಂದು ಅವನು ಕೇಳಿಯೇಬಿಟ್ಟ. ಅಂದು ಜೀವ ಹೋಗುತ್ತಿತ್ತು, ಆದರೂ ಅದು ತನಗೂ ಸರಿ ಅನ್ನಿಸುವುದಿಲ್ಲ ಎಂದಳು ಅವಳು. ಎರಡನೆಯ ಸಲ ನಳಿಕೆ ಬದಲಿಸುವಾಗ ಪ್ರತಿಯೊಂದನ್ನೂ ಮೊದಲೇ ಹೇಳಿದೆವು, ಕೈ ಎತ್ತಿದರೆ ನಿಲ್ಲಿಸುತ್ತೇವೆ ಎಂದೆವು, ಅವನು ಕೈ ಎತ್ತಿದಾಗ ನಿಜವಾಗಿಯೂ ನಿಲ್ಲಿಸಿದೆವು. ಆಮೇಲೆ ನಳಿಕೆಯ ತುದಿಯನ್ನು ಅವನೇ ಹಿಡಿದುಕೊಂಡ. ಯಾರೂ ಅವನನ್ನು ಮುಟ್ಟಲಿಲ್ಲ. ನೀವು ಹೊಡೆದ ನರ್ಸೇ ಎದುರು ನಿಂತು, ಊದಿದ ತುಟಿಯಲ್ಲೇ, ಅವನು ನುಂಗಿದ್ದನ್ನು ಒಂದು, ಎರಡು ಎಂದು ಅವನ ಜೊತೆ ಎಣಿಸಿದ ಎಂದು ಹೇಳಿದಳು.

ಅಪ್ಪ ಮಾರನೆಯ ದಿನ ನರ್ಸಿನ ಡ್ಯೂಟಿ ಮುಗಿಯುವವರೆಗೂ ಗೇಟಿನಲ್ಲಿ ಕಾದು ಕೈಮುಗಿದ. ನರ್ಸು ಅವನನ್ನು ಕ್ಷಮಿಸಲಿಲ್ಲ. ಹೆಲ್ಮೆಟ್ ಹಾಕಿಕೊಳ್ಳುತ್ತ, ಕೈಮುಗಿಯೋದು ಸುಲಭ, ಮನೇಲಿ ಕೈ ಕಟ್ಕೊಂಡು ಕೂರೋದನ್ನ ಕಲೀರಿ ಎಂದು ಹೇಳಿ ಹೊರಟುಹೋದ.

ಮಗನನ್ನು ನಳಿಕೆಯ ಸಮೇತ ಮನೆಗೆ ಕರೆತಂದ ಮೇಲೆ ಟೀಚರ್ ಹಾಕಿದ ನಿಯಮವೂ ಅದೇ. ಎಲ್ಲರೂ ಒಟ್ಟಿಗೆ ಕೂತು ತಮ್ಮ ತಮ್ಮ ಊಟ ಮಾಡುವುದು. ಅವನ ತಟ್ಟೆಯತ್ತ ನೋಡಕೂಡದು. ತಿಂಡಿಯ ಮಾತು ಎತ್ತಕೂಡದು. ಹೊಗಳುವುದೂ ಬೇಡ, ತೆಗಳುವುದೂ ಬೇಡ. 'ಊಟ ಆಯ್ತಾ' ಎಂದು ಕೇಳಲೇಬಾರದು. ಅಪ್ಪನಿಗೆ ಇದು ಸುತ್ತಿಗೆ ಹಿಡಿಯುವುದಕ್ಕಿಂತ ಕಷ್ಟವಾಯಿತು. ಊಟ ಆಯ್ತಾ ಎಂದು ಕೇಳದೆ ಒಬ್ಬ ಮನುಷ್ಯನ ಜೊತೆ ಮಾತು ಶುರು ಮಾಡುವುದು ಹೇಗೆ ಎಂಬುದೇ ಅವನಿಗೆ ಗೊತ್ತಿರಲಿಲ್ಲ. ಬಾಯಿ ತೆರೆದು, ಮುಚ್ಚಿ, ಮಳೆ ಬರುವ ಹಾಗಿದೆ ಅನ್ನುತ್ತಿದ್ದ. ಅಪ್ಪ ಪಕ್ಕದಲ್ಲಿ ಹಾದುಹೋದರೆ ಮಗನ ಭುಜ ಕಿವಿಯ ತನಕ ಏರುತ್ತಿತ್ತು.

ವಾರಕ್ಕೊಮ್ಮೆ ಅಮ್ಮ ಅವನನ್ನು ಟೀಚರ್ ಬಳಿಗೆ ಕರೆದುಕೊಂಡು ಹೋಗುತ್ತಿದ್ದಳು. ಅಲ್ಲಿ ತಿನ್ನಿಸುವ ಮಾತೇ ಇಲ್ಲ. ಒಂದು ಸೌತೆಕಾಯಿ ಹೋಳು ಅದೇ ಕೋಣೆಯಲ್ಲಿರುತ್ತಿತ್ತು. ಮುಂದಿನ ವಾರ ಅವನ ಎದುರಿನ ಮೇಜಿನ ಮೇಲೆ. ಆಮೇಲೆ ಚಮಚದಿಂದ ಮುಟ್ಟುವುದು, ಬೆರಳಿನಿಂದ ಮುಟ್ಟುವುದು, ಮೂಸುವುದು, ತುಟಿಗೆ ತಾಗಿಸುವುದು, ಬೇಡವಾದರೆ ಉಗಿಯುವುದು. ಉಗಿಯಲು ಒಂದು ಬಟ್ಟಲನ್ನು ಅವಳೇ ಮುಂದಿಡುತ್ತಿದ್ದಳು. ಎಲ್ಲಿ ನಿಲ್ಲಿಸಬೇಕೆಂದು ಹೇಳುವವನು ಅವನೇ. ಮೊದಮೊದಲು ಕಡ್ಡಿ ಆ ಬಟ್ಟಲನ್ನು ಗೋಡೆಗೆಸೆದ, ಕುರ್ಚಿ ಒದ್ದ, ಅವಳ ಮುಂಗೈಗೆ ಉಗುರು ಇಳಿಸಿದ. ಅವಳು ಕೈ ತೊಳೆದುಕೊಂಡು ಬಂದು ಮತ್ತೆ ಕೂರುತ್ತಿದ್ದಳು. ಬರಬರುತ್ತ ಅವನು ಹಾಲಿಗೆ ಮರಳಿದ, ನೆನೆಸಿದ ಬಿಸ್ಕತ್ತಿನಿಂದ ಗರಿಗರಿ ಬಿಸ್ಕತ್ತಿಗೆ ಬಂದ. ಅನ್ನದ ನಾಲ್ಕು ಅಗುಳು ನುಂಗಿದ. ನಳಿಕೆ ತೆಗೆದರು.

ಅಷ್ಟರಲ್ಲಿ ಅಪ್ಪ ಒಂದು ಕೆಲಸ ಮಾಡಿದ. ಮಗನ ಬಡಕಲು ಮಣಿಕಟ್ಟು ನೋಡಲಾರದೆ, ಅಂಗಡಿಯಲ್ಲಿ ಯಾರೋ ಹೇಳಿದ ಶಕ್ತಿಪುಡಿಯನ್ನು ತಂದು, ಯಾರಿಗೂ ಹೇಳದೆ ಬೆಳಗಿನ ಹಾಲಿಗೆ ಒಂದು ಚಮಚ ಕದಡಿ ಇಟ್ಟ. ಕಣ್ಣಿಗೆ ಕಾಣದು, ಮೂಗಿಗೆ ತಿಳಿಯದು ಎಂದುಕೊಂಡ. ಕಡ್ಡಿ ಒಂದು ಗುಟುಕು ಕುಡಿದ, ಲೋಟ ಕೆಳಗಿಟ್ಟ, ಅಪ್ಪನನ್ನು ನೋಡಿದ. ಅಪ್ಪ ತಲೆ ತಗ್ಗಿಸಿದ. ಅಷ್ಟು ಸಾಕಾಯಿತು. ಹುಡುಗ ಬಚ್ಚಲಿಗೆ ಹೋಗಿ ಗಂಟಲಿಗೆ ಬೆರಳು ಹಾಕಿ ಎಲ್ಲವನ್ನೂ ಕಾರಿಕೊಂಡ. ಹುಟ್ಟಿದಾಗಿನಿಂದ ನಂಬಿದ್ದ ಒಂದೇ ಪದಾರ್ಥವೂ ಹೋಯಿತು. ಅಮ್ಮ ಹೊಸ ಪಾಕೀಟು ತಂದು ಎದುರಿಗೇ ಕಾಯಿಸಿಕೊಟ್ಟರೂ ಮುಟ್ಟಲಿಲ್ಲ. ನೀರು ಕುಡಿಯುವ ಮೊದಲೂ ಲೋಟವನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದ.

ಮೂರನೆಯ ದಿನ ಸಂಜೆ ಅವನು ಶೆಡ್ಡಿಗೆ ನಡೆದು ಬಂದ. ಬಾಗಿಲಲ್ಲೇ ಇದ್ದ ದೊಡ್ಡ ಸುತ್ತಿಗೆಯನ್ನು ಎರಡು ಕೈಯಲ್ಲಿ ಎತ್ತಿ, ಮೊದಲು ಕಂಡ ಕಾರಿನ ಮುಂಗಾಜಿಗೆ ಬೀಸಿದ. ಗಾಜು ಪುಡಿಯಾಗಿ ಸೀಟುಗಳ ಮೇಲೆ ಸುರಿಯಿತು. ಬಾಗಿಲ ಕಿಟಕಿ ಹೋಯಿತು, ಬೆಳಿಗ್ಗೆಯಷ್ಟೇ ಬಣ್ಣ ಬಳಿದು ಒಣಗಲು ಇಟ್ಟಿದ್ದ ಬಾನೆಟ್ಟು ಹೋಯಿತು. ಅನ್ನ ಕಾಣದ ಮೈಯಲ್ಲಿ ಅಷ್ಟು ಬಲ ಎಲ್ಲಿತ್ತೋ. ಕೆಲಸಗಾರರು ಗೋಡೆಗೆ ಅಂಟಿಕೊಂಡರು. ಇನ್ನೊಂದು ಕಾರಿನಡಿಯಿಂದ ಅಪ್ಪ ಎದ್ದು ಬಂದು ಮಗನ ಎದುರು ನಿಂತ.

"ನೀನು ಅವತ್ತು ನನ್ನ ಹಿಡ್ಸಿದ್ದೆ," ಅಂದ ಹುಡುಗ. ಅವನ ದನಿ ಒಡೆಯುತ್ತಿತ್ತು. "ಮಾವನ ಕೈಲಿ ಹಿಡ್ಸಿದ್ದೆ. ಅದನ್ನಾದ್ರೂ ಕಣ್ಣೆದುರಿಗೆ ಮಾಡಿದ್ದೆ. ಹಾಲು ಒಂದಿತ್ತು ನಂಗೆ. ಅದನ್ನೂ ಕದ್ದೆ."

ಅಪ್ಪ ಒಂದು ಹೆಜ್ಜೆ ಮುಂದಿಟ್ಟ. ಸುತ್ತಿಗೆ ಬೀಸಿ ಬಂತು. ಅವನು ತಪ್ಪಿಸಿಕೊಳ್ಳಲಿಲ್ಲವೋ, ತಪ್ಪಿಸಿಕೊಳ್ಳಲು ಆಗಲಿಲ್ಲವೋ, ಅದು ಕುತ್ತಿಗೆಯ ಬುಡದಲ್ಲಿ ಬಿದ್ದು ಹೆಗಲಿನ ಎಲುಬು ಮುರಿದ ಸದ್ದು ಎಲ್ಲರಿಗೂ ಕೇಳಿಸಿತು. ಅಪ್ಪ ಮಂಡಿಯೂರಿದ. ಕೆಲಸಗಾರರು ಓಡಿ ಬಂದು ಹುಡುಗನ ಕೈ, ಕುತ್ತಿಗೆ, ಸೊಂಟ ಸಿಕ್ಕಿದಲ್ಲೆಲ್ಲ ಹಿಡಿದುಕೊಂಡರು. ಒಬ್ಬ ಅವನ ಕೂದಲಿಗೆ ಕೈ ಹಾಕಿದ. ಕಡ್ಡಿ ಕಿರುಚತೊಡಗಿದ. ಅಪ್ಪ ವಾರ್ಡಿನಲ್ಲಿ ಕೇಳಿದ್ದ ಅದೇ ಕಿರುಚಾಟ.

"ಬಿಡ್ರೋ ಅವನ್ನ," ಎಂದು ನೆಲದಿಂದ ಅಪ್ಪ ಕೂಗಿದ. "ಯಾರೂ ಹಿಡೀಬೇಡಿ. ಬಿಡಿ ಅಂದ್ನಲ್ಲ."

ಮತ್ತೆ ಹೊಡೆಯುತ್ತಾನೆ ಎಂದು ಯಾರೋ ಅಂದರು. ಹೊಡೆಯಲಿ ಬಿಡಿ ಅಂದ ಅಪ್ಪ. ಒಬ್ಬೊಬ್ಬರಾಗಿ ಕೈ ತೆಗೆದರು. ಕಡ್ಡಿ ಸುತ್ತಿಗೆ ಹಿಡಿದು ನಿಂತೇ ಇದ್ದ, ಗಾಜಿನ ಚೂರುಗಳ ನಡುವೆ, ಎದೆ ಏರಿಳಿಯುತ್ತಿತ್ತು. ಮತ್ತೆ ಎತ್ತಿದ. ಅಪ್ಪ ಕಣ್ಣು ಮುಚ್ಚಿಕೊಂಡ, ಕೈ ಅಡ್ಡ ಹಿಡಿಯಲಿಲ್ಲ. ಸುತ್ತಿಗೆ ಪಕ್ಕದ ಡಬ್ಬದ ಮೇಲೆ ಬಿತ್ತು. ಬಣ್ಣ ಚಿಮ್ಮಿ ಇಬ್ಬರ ಮೇಲೂ ಸುರಿಯಿತು. ಆಮೇಲೆ ಹುಡುಗ ಅಲ್ಲೇ ಕೂತು ಅತ್ತ. ಅಪ್ಪ ಅವನ ಹತ್ತಿರ ಹೋಗಲಿಲ್ಲ. ಹೋಗಬೇಕೆನಿಸಿತು, ಹೋಗಲಿಲ್ಲ. "ತಪ್ಪಾಯ್ತು," ಅಂದ. "ಇನ್ನು ನಿನ್ನ ಬಾಯಿಗೆ ಹೋಗೋದು ನಿಂಗೆ ಗೊತ್ತಿಲ್ದೆ ಹೋಗಲ್ಲ. ಇಷ್ಟೇ ನಾನು ಹೇಳೋಕ್ಕಾಗೋದು."

ಕಾರಿನ ಯಜಮಾನ ಬಂದು ಕೂಗಾಡಿದ, ಪೊಲೀಸರೂ ಬಂದು ಹೋದರು. ತನ್ನ ಕೈತಪ್ಪಿನಿಂದ ಆಗಿದ್ದು ಎಂದು ಅಪ್ಪ ಒಂದೇ ಮಾತಿಗೆ ಅಂಟಿಕೊಂಡ. ನಡೆದದ್ದನ್ನೆಲ್ಲ ಅಮ್ಮ ಟೀಚರಿಗೆ ತಿಳಿಸಿದಳು. ಅವಳು ಅಪ್ಪನನ್ನು ಕರೆಸಿ ಈ ಸಲ ಚೆನ್ನಾಗಿಯೇ ಉಗಿದಳು, ಮುಚ್ಚುಮರೆಯಿಲ್ಲದೆ. ಕದ್ದು ಬೆರೆಸುವುದು ಗುದ್ದಿ ತಿನ್ನಿಸುವುದಕ್ಕಿಂತ ಕಡಿಮೆ ಹಿಂಸೆಯಲ್ಲ ಅಂದಳು. ಹುಡುಗನನ್ನೂ ಬಿಡಲಿಲ್ಲ, ಸಿಟ್ಟು ನ್ಯಾಯವಾದದ್ದೇ, ಸುತ್ತಿಗೆ ನ್ಯಾಯವಲ್ಲ, ಇನ್ನು ಸಿಟ್ಟು ಬಂದರೆ ಹೇಳಬೇಕು ಎಂದಳು. ಹೇಳಿದ್ರೆ ಕೇಳೋರು ಯಾರು ಎಂದು ಅವನು ಕೇಳಿದ. ಗೋಡೆಗೊರಗಿ ಕೂತಿದ್ದ ಅಪ್ಪ, ತೋಳನ್ನು ಪಟ್ಟಿಯಲ್ಲಿ ನೇತು ಹಾಕಿಕೊಂಡವನು, ನಾನು ಎಂದು ಮೆಲ್ಲಗೆ ಅಂದ.

ಹಾಲು ವಾಪಸು ಬರಲು ಬಹಳ ದಿನ ಹಿಡಿಯಿತು. ಪಾಕೀಟನ್ನು ಅವನೇ ತಂದು, ಅವನೇ ಕತ್ತರಿಸಿ, ಅವನೇ ಕಾಯಿಸಬೇಕಿತ್ತು. ಆ ಹೊತ್ತು ಅಡುಗೆಮನೆಗೆ ಯಾರೂ ಹೋಗುವಂತಿರಲಿಲ್ಲ. ಹಾಗೆ ಒಲೆಯ ಮುಂದೆ ನಿಂತು ನಿಂತು ಅನ್ನ ಮಾಡುವುದನ್ನು ಕಲಿತ, ಬ್ರೆಡ್ಡು ಸುಡುವುದನ್ನು ಕಲಿತ. ತನ್ನ ಕೈಯಲ್ಲಿ ಆದದ್ದಕ್ಕೆ ಗಂಟಲು ಅಷ್ಟಾಗಿ ತಕರಾರು ಮಾಡುತ್ತಿರಲಿಲ್ಲ. ಅಪ್ಪನ ಜೊತೆ ಮಾತ್ರ ಮಾತಿಲ್ಲ. ಒಂದು ದಿನ ಅಪ್ಪ ಒಂದೇ ಕೈಯಲ್ಲಿ ಶರ್ಟಿನ ಗುಂಡಿ ಹಾಕಿಕೊಳ್ಳಲು ಒದ್ದಾಡುತ್ತಿದ್ದಾಗ ಬಂದು, ಮುಖ ನೋಡದೆ, ಗುಂಡಿಗಳನ್ನು ಹಾಕಿ ಹೋದ.

ಮಾವ ಅಂದಿನಿಂದ ಮನೆಗೆ ಬಂದಿರಲಿಲ್ಲ. ಅಮ್ಮ ಫೋನ್ ಮಾಡಿದರೆ ಡ್ಯೂಟಿ ಎನ್ನುತ್ತಿದ್ದ. ಮುರಿದ ಹಲ್ಲಿಗೆ ಹೊಸದನ್ನು ಕೂರಿಸಿಕೊಂಡು ಬಂದ ದಿನ ಕಡ್ಡಿ ನೇರವಾಗಿ ಬಸ್ ನಿಲ್ದಾಣಕ್ಕೆ ಹೋದ. ಹೊರಡಲು ಸಿದ್ಧವಾಗಿದ್ದ ಬಸ್ಸಿನ ಡ್ರೈವರ್ ಸೀಟಿನಲ್ಲಿ ಮಾವ ಕೂತಿದ್ದ, ಮೊದಲಿಗಿಂತ ಇಳಿದುಹೋಗಿದ್ದ. ಬಸ್ಸು ಹತ್ತಿ ಬಂದ ಅಳಿಯನನ್ನು ಕಂಡು ಸ್ಟೇರಿಂಗನ್ನು ಬಿಗಿಯಾಗಿ ಹಿಡಿದುಕೊಂಡ.

"ನೀನು ಹಿಡ್ಕೊಂಡಿದ್ದು ಕನಸಲ್ಲಿ ಬರುತ್ತೆ ಮಾವ," ಅಂದ ಹುಡುಗ. "ತಲೆಕೆಳಗೆ ಮಾಡಿ ಬಡಿದಿದ್ದೂ ಬರುತ್ತೆ. ಎರಡೂ ನೀನೇ. ಏನು ಮಾಡ್ಬೇಕೋ ಗೊತ್ತಾಗ್ತಿಲ್ಲ. ಮನೆಗೆ ಬಾ."

ಮಾವ ಬಾಯಿಗೆ ಟವೆಲ್ ಅಡ್ಡ ಹಿಡಿದು ಅಳತೊಡಗಿದ. ಹಿಂದಿನ ಸೀಟಿನವರು, ಏನ್ರೀ, ಇವತ್ತು ಬಸ್ಸು ಹೊರಡುತ್ತೋ ಇಲ್ವೋ ಎಂದು ಗೊಣಗಿದರು. ಕಂಡಕ್ಟರ್ ಸೀಟಿ ಊದಿದ. ಕಡ್ಡಿ ಇಳಿಯಲಿಲ್ಲ. ಬಾಗಿಲ ಪಕ್ಕದ ಸೀಟಿನಲ್ಲಿ ಕೂತು, ಜೇಬಿನಿಂದ ಬಿಸ್ಕತ್ತು ತೆಗೆದು, ಹೊಸ ಹಲ್ಲಿನಿಂದ ಸ್ವಲ್ಪ ಸ್ವಲ್ಪವೇ ಕಡಿಯತೊಡಗಿದ. ಮಾವ ಕಣ್ಣೊರೆಸಿಕೊಂಡು ಗೇರ್ ಹಾಕಿದ.